ಚಳಿಯೂರಿನ ಪ್ರೊಸೆಸರ್‌ಗೆ ಎಷ್ಟು ವೋಲ್ಟ್ ಕೊಡಬಹುದು?

ಡಿಸೆಂಬರ್ ತಿಂಗಳ ರಾತ್ರಿ. ಹಾಸನ ಜಿಲ್ಲೆ ಆಲೂರಿನ ನಮ್ಮ ಹಂಚಿನ ಮನೆಯೊಳಗೆ ಗೋಡೆಯ ಥರ್ಮಾಮೀಟರ್ 16 ಡಿಗ್ರಿ ತೋರಿಸುತ್ತಿತ್ತು. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದವನು ಮಂಕಿ ಟೋಪಿ ಹಾಕಿಕೊಂಡು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿಟ್ಟು ಕೂತಿದ್ದ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆರು ಕೋರಿನ ಪ್ರೊಸೆಸರ್. 4.2 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದ ಅದನ್ನು 4.4ಕ್ಕೆ ಏರಿಸಿದ್ದ.

"ಬಿಸೀನೇ ಆಗ್ತಿಲ್ಲ ಮಾವ. ಫುಲ್ ಲೋಡ್ ಕೊಟ್ರೂ 72 ದಾಟ್ತಿಲ್ಲ. ಇನ್ನೂ ಏರಿಸ್ಬೋದು."

"ವೋಲ್ಟ್ ಎಷ್ಟು ಕೊಟ್ಟಿದ್ದೀಯ?"

"1.4. ಅದಕ್ಕಿಂತ ಕಮ್ಮಿಗೆ ನಿಲ್ತಿಲ್ಲ. ಟೆಂಪರೇಚರ್ ಕೆಳಗೇ ಇದೆಯಲ್ಲ, ಬಿಡಿ."

ಈ 'ಬಿಡಿ' ಎಂಬ ಮಾತೇ ಈ ಲೇಖನಕ್ಕೆ ಕಾರಣ. ಬೆಂಗಳೂರಿನ ಬಿಸಿಲಲ್ಲಿ ಕೂತವನಿಗೆ ಶಾಖವೇ ಎಚ್ಚರಿಕೆ ಹೇಳುತ್ತದೆ. ಆಲೂರು, ಸಕಲೇಶಪುರದ ಚಳಿಯಲ್ಲಿ ಆ ಎಚ್ಚರಿಕೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ವೋಲ್ಟ್ ತನ್ನ ಕೆಲಸ ಮುಗಿಸಿರುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಕೋಣೆ 33 ಡಿಗ್ರಿಗೆ ಬಂದಾಗ ಅದೇ ಕಂಪ್ಯೂಟರ್ 89ಕ್ಕೆ ಏರಿ, ನೀಲಿ ಪರದೆ ತೋರಿಸಿ ಬಿತ್ತು. ಹುಡುಗ ಸೆಖೆಯಿಂದ ಎಂದುಕೊಂಡ. ಟೇಬಲ್ ಫ್ಯಾನ್ ಹಿಡಿದು 75ಕ್ಕೆ ಇಳಿಸಿದ, ಆಗಲೂ ಬಿತ್ತು. ವೋಲ್ಟ್ ಇನ್ನಷ್ಟು ಏರಿಸಿದ, ಎರಡು ದಿನ ನಿಂತು ಮೂರನೆಯ ದಿನ ಮತ್ತೆ ಬಿತ್ತು. ಕೊನೆಗೆ ಹಳೆಯ 4.2ಕ್ಕೇ ವಾಪಸ್ ಬಂದರೆ, ಮೊದಲು 1.25 ವೋಲ್ಟಿಗೆ ಆರಾಮಾಗಿ ಓಡುತ್ತಿದ್ದ ಚಿಪ್ ಈಗ 1.3 ಕೇಳುತ್ತಿತ್ತು. ಸುಟ್ಟಿರಲಿಲ್ಲ. ನಾಲ್ಕೇ ತಿಂಗಳಲ್ಲಿ ಮುದಿಯಾಗಿತ್ತು.

ಓವರ್‌ಕ್ಲಾಕಿಂಗ್ ಎಂದರೆ ಪ್ರೊಸೆಸರ್ ಅನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವುದು. 1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸಿ ದುಬಾರಿ ಚಿಪ್ಪಿನ ಕೆಲಸ ಮಾಡಿಸಿಕೊಂಡವರು ಲೋಕದಲ್ಲೆಲ್ಲ ಇದ್ದರು. ಪುಕ್ಕಟೆ ಐವತ್ತು ಶೇಕಡಾ! ಆ ಕಾಲ ಹೋಯಿತು. ಇಂದಿನ ಚಿಪ್ ಕಾರ್ಖಾನೆಯಿಂದ ಬರುವಾಗಲೇ ತನ್ನ ಶಕ್ತಿಯ ತುದಿಯ ಹತ್ತಿರ ಇರುತ್ತದೆ; ನಮಗೆ ಉಳಿದಿರುವುದು ಶೇಕಡಾ ಐದೋ ಹತ್ತೋ. ಅಷ್ಟಕ್ಕೆ ಎಷ್ಟು ಬೆಲೆ ತೆರುತ್ತೇವೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು.

ಲೆಕ್ಕ ಸುಲಭ. ಚಿಪ್ಪಿನ ಶಾಖ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟಿನ ಜೊತೆ ವರ್ಗವಾಗಿ ಏರುತ್ತದೆ. ನಮ್ಮ ಹುಡುಗನದನ್ನೇ ತೆಗೆದುಕೊಳ್ಳಿ. 4.2ರಿಂದ 4.4 ಎಂದರೆ ವೇಗದಲ್ಲಿ ಶೇಕಡಾ 5ರಷ್ಟು ಲಾಭ. 1.25ರಿಂದ 1.4 ವೋಲ್ಟ್ ಎಂದರೆ ಶೇಕಡಾ 12 ಹೆಚ್ಚಳ. ಅದರ ವರ್ಗ ತೆಗೆದರೆ ಶೇಕಡಾ 25. ಎರಡನ್ನೂ ಗುಣಿಸಿದರೆ ಶಾಖ ಶೇಕಡಾ 31 ಜಾಸ್ತಿ. ಐದು ರೂಪಾಯಿ ಲಾಭಕ್ಕೆ ಮೂವತ್ತೊಂದು ರೂಪಾಯಿ ಖರ್ಚು. ಇದೇ ಲೆಕ್ಕ ಹಿಂದುಮುಂದಾಗಿಯೂ ನಡೆಯುತ್ತದೆ: ವೇಗ ಮುಟ್ಟದೆ 1.25ನ್ನು 1.15ಕ್ಕೆ ಇಳಿಸಿದರೆ ಶಾಖ ಶೇಕಡಾ 15 ಕಡಿಮೆ. ಈ ಎರಡನೆಯ ದಾರಿಯ ಬಗ್ಗೆ ನನಗೆ ಹೆಚ್ಚು ಪ್ರೀತಿ, ಮುಂದೆ ಹೇಳುತ್ತೇನೆ.

ಶಾಖಕ್ಕೆ ಕಾವಲುಗಾರನಿದ್ದಾನೆ

ಪ್ರತಿಯೊಂದು ಪ್ರೊಸೆಸರ್‌ಗೂ ಒಂದು ಗರಿಷ್ಠ ತಾಪ ಇದೆ. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಬಹುತೇಕ 100 ಡಿಗ್ರಿ. ಎಎಂಡಿಯ ರೈಜೆನ್ 3000 ಸಾಲಿನಲ್ಲಿ 95; 5000ದಲ್ಲಿ 5600ಎಕ್ಸ್‌ಗೆ 95, 5900ಎಕ್ಸ್‌ಗೆ 90; 7000 ಸಾಲಿನಲ್ಲಿ 95; ಎಕ್ಸ್3ಡಿ ಎಂದು ಕೊನೆಯಾಗುವವುಗಳಲ್ಲಿ 5800ಎಕ್ಸ್3ಡಿಗೆ 90, 7800ಎಕ್ಸ್3ಡಿಗೆ 89. ಆ ಅಂಕಿ ಮುಟ್ಟಿದ ಕೂಡಲೇ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಕಂಪ್ಯೂಟರ್ ಆಫ್ ಆಗುತ್ತದೆ. ಆದ್ದರಿಂದ ಬರೀ ಬಿಸಿಯಿಂದಲೇ ಚಿಪ್ ಸುಟ್ಟುಹೋಗುವುದು ಈಗ ಅಪರೂಪ.

ರೈಜೆನ್ 7000 ಕೊಂಡವರು 95 ನೋಡಿ ಗಾಬರಿಯಾಗುತ್ತಾರೆ. ಅದು ಕಾಯಿಲೆಯ ಲಕ್ಷಣವಲ್ಲ, ಆ ಚಿಪ್ಪನ್ನು ಮಾಡಿರುವುದೇ ಹಾಗೆ: ತಣ್ಣಗೆ ಇಟ್ಟಷ್ಟೂ ವೇಗ ಏರಿಸಿಕೊಂಡು ಮತ್ತೆ 95ಕ್ಕೇ ಹೋಗಿ ನಿಲ್ಲುತ್ತದೆ. ಅದರ ಲೆಕ್ಕ ಮಾಡುವ ಸಿಲಿಕಾನ್ ತುಂಡಿನ ವಿಸ್ತೀರ್ಣ ಸುಮಾರು 71 ಚದರ ಮಿಲಿಮೀಟರ್. ನಮ್ಮ ಕಣದಲ್ಲಿ ಒಣಗುವ ಒಂದು ಕಾಫಿ ಬೀಜದ ಅಗಲ ಅಂದುಕೊಳ್ಳಿ. ಅಷ್ಟು ಜಾಗದಿಂದ ನೂರು ವ್ಯಾಟ್ ಹೊರಗೆ ಬರಬೇಕೆಂದರೆ ಎಷ್ಟೇ ದೊಡ್ಡ ಕೂಲರ್ ಇಟ್ಟರೂ ಶಾಖಕ್ಕೆ ದಾರಿ ಇಕ್ಕಟ್ಟೇ.

ನೀವೇ ಕೈಯಾರೆ ಓವರ್‌ಕ್ಲಾಕ್ ಮಾಡುವುದಾದರೆ ಮಾತ್ರ ಗರಿಷ್ಠ ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಅತಿ ಭಾರದ ಪರೀಕ್ಷೆಯಲ್ಲಿ 85, ದಿನದ ಕೆಲಸದಲ್ಲಿ 75ರ ಒಳಗೆ ಇದ್ದರೆ ಸಾಕು. ಈ ಅಂಕಿಗಳನ್ನು ನೋಡಬೇಕಾದದ್ದು ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ. ಕೂಲರ್‌ಗೆ ತಿಳಿದಿರುವುದು ವ್ಯತ್ಯಾಸ ಒಂದೇ: ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ಅಂತ. ಡಿಸೆಂಬರ್‌ನಲ್ಲಿ 16ರ ಕೋಣೆಯಲ್ಲಿ 72 ಬಂದರೆ ವ್ಯತ್ಯಾಸ 56. ಅದೇ 56ನ್ನು 33ಕ್ಕೆ ಕೂಡಿಸಿ. ಬಿಸಿಯಾದಷ್ಟೂ ಚಿಪ್ಪಿನೊಳಗೆ ಸೋರುವ ಕರೆಂಟೂ ಹೆಚ್ಚುವುದರಿಂದ ನಿಜದ ಅಂಕಿ ಇನ್ನೊಂದೆರಡು ಡಿಗ್ರಿ ಮೇಲಿರುತ್ತದೆ.

ಇನ್ನೊಂದು ಸಂಗತಿ ನಮ್ಮ ಕಡೆಯವರು ಗಮನಿಸುವುದಿಲ್ಲ. ನಾವಿರುವುದು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 950 ಮೀಟರ್ ಮೇಲೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇಕಡಾ ಹತ್ತರಷ್ಟು ತೆಳು. ಫ್ಯಾನು ಅಷ್ಟೇ ಸಲ ತಿರುಗಿದರೂ ಹೊತ್ತೊಯ್ಯುವ ಗಾಳಿಯ ತೂಕ ಕಡಿಮೆ. ಘಟ್ಟದ ಮೇಲಿನ ತಂಪು ಕೊಟ್ಟದ್ದರಲ್ಲಿ ಸ್ವಲ್ಪವನ್ನು ಘಟ್ಟದ ಎತ್ತರವೇ ಕಿತ್ತುಕೊಳ್ಳುತ್ತದೆ.

ವೋಲ್ಟಿಗೆ ಕಾವಲುಗಾರನಿಲ್ಲ

ವೋಲ್ಟ್ ಹೆಚ್ಚಾದರೆ ಅಲಾರಾಂ ಹೊಡೆಯುವುದಿಲ್ಲ, ವೇಗ ಇಳಿಯುವುದಿಲ್ಲ. ಒಳಗೆ ಎರಡು ಬಗೆಯ ಸವೆತ ನಡೆಯುತ್ತದೆ. ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣ ಲೋಹದ ತಂತಿಗಳಲ್ಲಿ ಹರಿಯುವ ಎಲೆಕ್ಟ್ರಾನ್‌ಗಳು ಲೋಹದ ಕಣಗಳನ್ನೇ ತಳ್ಳಿಕೊಂಡು ಹೋಗುತ್ತವೆ. ಆಷಾಢದ ಹೇಮಾವತಿ ದಡ ಕೊರೆದ ಹಾಗೆ, ಒಂದು ಕಡೆ ತೆಳುವಾಗುತ್ತದೆ, ಇನ್ನೊಂದು ಕಡೆ ಗುಡ್ಡೆ ಬೀಳುತ್ತದೆ. ಅಮೆರಿಕದ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಕೊನೆಯಲ್ಲೇ ಇದಕ್ಕೊಂದು ಸಮೀಕರಣ ಕೊಟ್ಟ: ಕರೆಂಟ್ ಹೆಚ್ಚಾದರೂ ಆಯುಷ್ಯ ಕಡಿಮೆ, ಬಿಸಿ ಹೆಚ್ಚಾದರೂ ಕಡಿಮೆ. ಇನ್ನೊಂದು ಸವೆತ ಟ್ರಾನ್ಸಿಸ್ಟರ್‌ನ ನಿರೋಧಕ ಪದರದ್ದು. ಬೆರಳೆಣಿಕೆಯ ನ್ಯಾನೋಮೀಟರ್ ದಪ್ಪದ ಆ ಪದರ ವೋಲ್ಟಿನ ಒತ್ತಡಕ್ಕೆ ನಿಧಾನವಾಗಿ ಹದಗೆಡುತ್ತದೆ. ನಂತರ ಅದೇ ವೇಗಕ್ಕೆ ಹೆಚ್ಚು ವೋಲ್ಟ್ ಬೇಕಾಗುತ್ತದೆ, ಆ ಹೆಚ್ಚು ವೋಲ್ಟ್ ಅದನ್ನು ಇನ್ನಷ್ಟು ಕೆಡಿಸುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಕತೆ.

ಕರೆಂಟಿನ ಪ್ರಮಾಣ ಎಷ್ಟೆಂದು ಅಂದಾಜಿರಲಿ. 120 ವ್ಯಾಟನ್ನು 1.2 ವೋಲ್ಟಿನಲ್ಲಿ ಕೊಡಬೇಕೆಂದರೆ 100 ಆಂಪಿಯರ್. ತೋಟಕ್ಕೆ ನೀರೆತ್ತುವ ಐದು ಎಚ್‌ಪಿ ಮೋಟಾರ್ ಒಂದು ಫೇಸಿಗೆ ಎಳೆಯುವುದು ಏಳೆಂಟು ಆಂಪಿಯರ್.

ಇದೆಲ್ಲ ಓವರ್‌ಕ್ಲಾಕ್ ಮಾಡುವ ಹುಡುಗರ ಸಮಸ್ಯೆ ಎಂದುಕೊಂಡಿದ್ದವರಿಗೆ 2023 ಮತ್ತು 2024 ಪಾಠ ಕಲಿಸಿದವು. 2023ರ ಏಪ್ರಿಲ್‌ನಲ್ಲಿ ಎಎಂಡಿಯ 7800ಎಕ್ಸ್3ಡಿ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ತಳ ಉಬ್ಬಿ ಸುಟ್ಟ ಚಿಪ್‌ಗಳ ಚಿತ್ರಗಳು ಓಡಾಡಿದವು. ಕೊಂಡವರಲ್ಲಿ ಅನೇಕರು ಪ್ರೊಸೆಸರ್ ವೇಗ ಮುಟ್ಟಿಯೇ ಇರಲಿಲ್ಲ. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೋ ಎಂಬ ಸ್ವಿಚ್ ಒಂದನ್ನು ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಆನ್ ಮಾಡಿದ್ದರು, ಅಷ್ಟೇ. ಮದರ್‌ಬೋರ್ಡ್ ಅದರ ಜೊತೆಗೆ ಚಿಪ್ಪಿನೊಳಗೆ ಮೆಮೊರಿ ನೋಡಿಕೊಳ್ಳುವ ಭಾಗದ ಎಸ್‌ಒಸಿ ವೋಲ್ಟನ್ನೂ ತಾನಾಗಿ ಏರಿಸಿತ್ತು. ಎಎಂಡಿ ಬಯೋಸ್ ಅಪ್‌ಡೇಟ್ ಮೂಲಕ ಆ ವೋಲ್ಟಿಗೆ 1.3ರ ಬೇಲಿ ಹಾಕಿತು.

2024ರದ್ದು ಇನ್ನೂ ದೊಡ್ಡದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು, ಅದರಲ್ಲೂ ಐ9, ಆರೇಳು ತಿಂಗಳು ಚೆನ್ನಾಗಿ ಓಡಿ ಆಮೇಲೆ ಬೀಳತೊಡಗಿದವು. ಗೇಮ್ ತೆರೆದರೆ ವಿಡಿಯೊ ಮೆಮೊರಿ ಸಾಲದು ಎಂಬ ಸುಳ್ಳು ದೂರು. ಜನ ಗ್ರಾಫಿಕ್ಸ್ ಕಾರ್ಡ್ ಬದಲಿಸಿ ನೋಡಿದರು. ಕಡೆಗೆ ಕಂಪನಿಯೇ ಒಪ್ಪಿಕೊಂಡ ಪ್ರಕಾರ, ಚಿಪ್ ಕೆಲವು ಸಂದರ್ಭಗಳಲ್ಲಿ, ಹಗುರ ಕೆಲಸದಲ್ಲಿದ್ದಾಗಲೂ, ಅಗತ್ಯಕ್ಕಿಂತ ಹೆಚ್ಚು ವೋಲ್ಟ್ ಕೇಳುತ್ತಿತ್ತು. ಒಳಗಿನ ಕ್ಲಾಕ್ ಸರ್ಕ್ಯೂಟ್ ಬೇಗ ಮುದಿಯಾಗುತ್ತಿತ್ತು. ಆಗಸ್ಟ್‌ನಲ್ಲಿ ಬಯೋಸ್ ಅಪ್‌ಡೇಟ್ ಮೂಲಕ ಬಂದ ಮೈಕ್ರೋಕೋಡ್ ಎಂಬ ಚಿಪ್ಪಿನೊಳಗಿನ ಸೂಚನೆ 1.55 ವೋಲ್ಟಿಗಿಂತ ಹೆಚ್ಚು ಕೇಳದಂತೆ ತಡೆಯಿತು, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ ಐದು ವರ್ಷ ಮಾಡಿದರು. ಆದರೆ ಅದಾಗಲೇ ಸವೆದ ಚಿಪ್ಪನ್ನು ಯಾವ ಅಪ್‌ಡೇಟೂ ಮತ್ತೆ ಎಳೆಯದು ಮಾಡಲಿಲ್ಲ. ನಿಮ್ಮ ಬಳಿ ಈ ತಲೆಮಾರಿನ ಚಿಪ್ ಇದ್ದು, ಕೊಂಡಾಗಿನಿಂದ ಬಯೋಸ್ ಅಪ್‌ಡೇಟ್ ಮಾಡಿಲ್ಲವಾದರೆ, ಈ ಲೇಖನ ಇಲ್ಲಿಗೇ ಮಡಚಿಟ್ಟು ಆ ಕೆಲಸ ಮಾಡಿ. ಓವರ್‌ಕ್ಲಾಕ್ ಮಾತು ಆಮೇಲೆ.

ಹಾಗಾದರೆ ಎಷ್ಟು?

ಕೆಳಗಿನವು ಕಂಪನಿಯ ಭರವಸೆಗಳಲ್ಲ. ಓವರ್‌ಕ್ಲಾಕ್‌ನಿಂದ ಕೆಟ್ಟದ್ದಕ್ಕೆ ಎರಡೂ ಕಂಪನಿಗಳು ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ವರ್ಷಗಟ್ಟಲೆ ಮಾಡಿದವರು ಪಾಲಿಸಿಕೊಂಡು ಬಂದ, ನಾನೂ ಮೀರದ ಗೆರೆಗಳು. ಎಲ್ಲ ಅಂಕಿಯೂ ಎಲ್ಲ ಕೋರುಗಳ ಮೇಲೆ ಭಾರ ಬಿದ್ದಾಗಿನವು.

ಇಂಟೆಲ್‌ನ 6ರಿಂದ 10ನೇ ತಲೆಮಾರಿಗೆ ದಿನಬಳಕೆಯಲ್ಲಿ 1.35 ವೋಲ್ಟ್. 1.4 ಮುಟ್ಟಿದರೆ ಚಿಪ್ ನಿಮ್ಮದು, ಚಿಂತೆಯೂ ನಿಮ್ಮದು. 12ರಿಂದ 14ನೇ ತಲೆಮಾರಿಗೆ 1.25ರಿಂದ 1.3ರ ನಡುವೆ ನಿಲ್ಲಿಸಿ; ಮೈಕ್ರೋಕೋಡಿನ 1.55 ಎಂಬುದು ಕ್ಷಣಮಾತ್ರದ ಬೇಡಿಕೆಗೆ ಹಾಕಿದ ತಡೆ, ನಾವು ಹತ್ತಿ ಕೂರಬೇಕಾದ ಅಟ್ಟ ಅಲ್ಲ. ರೈಜೆನ್ 3000, 5000 ಸಾಲಿಗೆ ಕೈಯಾರೆ ಸ್ಥಿರವಾಗಿ ಇಡುವ ವೋಲ್ಟ್ 1.25 ಒಳ್ಳೆಯದು, 1.3 ಗಡಿ. ರೈಜೆನ್ 7000ದಲ್ಲಿ ಎಸ್‌ಒಸಿ ವೋಲ್ಟ್ 1.25ರೊಳಗೆ ಇರಲಿ, 1.3 ಮೀರಬಾರದು. ಎಕ್ಸ್3ಡಿ ಚಿಪ್‌ಗಳಲ್ಲಿ 5800ಎಕ್ಸ್3ಡಿಯ ಗರಿಷ್ಠವೇ 1.35, ಅದನ್ನೂ 7800ಎಕ್ಸ್3ಡಿಯನ್ನೂ ವೇಗ ಗೊತ್ತುಮಾಡುವ ಗುಣಕ ಏರಿಸದಂತೆ ಕಂಪನಿಯೇ ಬೀಗ ಹಾಕಿದೆ. 2024ರ ನವೆಂಬರ್‌ನ 9800ಎಕ್ಸ್3ಡಿಯಲ್ಲಿ ಬೀಗ ತೆಗೆದರು.

ಇಲ್ಲೊಂದು ಗೊಂದಲ ಬಗೆಹರಿಸಬೇಕು. ರೈಜೆನ್ ಇರುವವರು ಏನೂ ಮಾಡದೆ ಸುಮ್ಮನಿದ್ದಾಗ ತಂತ್ರಾಂಶದಲ್ಲಿ 1.45 ನೋಡಿ ಬೆಚ್ಚುತ್ತಾರೆ. ಒಂದೆರಡು ಕೋರ್ ಮಾತ್ರ ಎಚ್ಚರವಿದ್ದು, ಕರೆಂಟ್ ಕಡಿಮೆ ಇದ್ದಾಗ ಚಿಪ್ ತಾನೇ ಅಷ್ಟು ವೋಲ್ಟ್ ತೆಗೆದುಕೊಂಡು ಮರುಕ್ಷಣ ಬಿಟ್ಟುಕೊಡುತ್ತದೆ. ಅದನ್ನು ಎಎಂಡಿ ಲೆಕ್ಕ ಹಾಕಿಯೇ ಬಿಟ್ಟಿದೆ. ಅದೇ 1.45ನ್ನು ನಾವು ಬಯೋಸ್‌ನಲ್ಲಿ ಸ್ಥಿರ ಮಾಡಿ ಎಲ್ಲ ಕೋರುಗಳಿಗೂ ಗಂಟೆಗಟ್ಟಲೆ ಕೊಟ್ಟರೆ ಅದು ಬೇರೆಯೇ ಕತೆ. ಹಬ್ಬದ ದಿನ ಹೋಳಿಗೆ ಆರು ತಿಂದವನಿಗೆ ದಿನಾ ಆರು ಬಡಿಸಿದ ಹಾಗೆ.

ವೋಲ್ಟ್ ನೋಡಲು ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ವಿಐಡಿ ಎಂದಿರುವುದು ಚಿಪ್ ಕೇಳುತ್ತಿರುವ ವೋಲ್ಟ್. ವಿಕೋರ್ ಎಂದಿರುವುದು ಸಿಗುತ್ತಿರುವ ವೋಲ್ಟ್. ನೀವು ನೋಡಬೇಕಾದದ್ದು ಎರಡನೆಯದು, ಭಾರ ಇರುವಾಗ.

ಮುಟ್ಟುವ ಮುಂಚೆ

ಆಲೂರಿನ ಕಚೇರಿ, ಅಂಗಡಿ, ಶಾಲೆಗಳಲ್ಲಿರುವ ಬಹುಪಾಲು ಕಂಪ್ಯೂಟರ್‌ಗಳನ್ನು ಓವರ್‌ಕ್ಲಾಕ್ ಮಾಡಲು ಬರುವುದೇ ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಅಥವಾ ಕೆಎಫ್ ಇರಬೇಕು, ಮದರ್‌ಬೋರ್ಡ್ ಜೆಡ್ ಸಾಲಿನದಾಗಿರಬೇಕು. ರೈಜೆನ್‌ಗೆ ಬಿ ಅಥವಾ ಎಕ್ಸ್ ಸಾಲಿನ ಬೋರ್ಡ್ ಬೇಕು. ಎ320, ಎ520 ಆಗುವುದಿಲ್ಲ. ಲ್ಯಾಪ್‌ಟಾಪ್ ಮರೆತುಬಿಡಿ. ಅದರಲ್ಲಿ ವೋಲ್ಟ್ ಇಳಿಸುವ ಅವಕಾಶವನ್ನೂ 2019ರ ಕೊನೆಯಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಅನೇಕ ಕಂಪನಿಗಳು ಮುಚ್ಚಿವೆ.

ಮಾಡಬಹುದಾದ ಯಂತ್ರ ಇದ್ದರೆ ಮೊದಲು ಒಂದು ದಿನ ಏನನ್ನೂ ಬದಲಿಸದೆ ಅಳೆಯಿರಿ. ಚಿಪ್ಪಿಗೆ ಭಾರ ಹಾಕಿ ಅಂಕ ಕೊಡುವ ಸಿನೆಬೆಂಚ್ ಎಂಬ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ; ಕೋಣೆಯ ತಾಪ, ಚಿಪ್ಪಿನ ತಾಪ, ವಿಕೋರ್, ವ್ಯಾಟ್, ಅಂಕ ಎಲ್ಲ ಬರೆದಿಡಿ. ಆಮೇಲೆ ಬಯೋಸ್‌ಗೆ ಹೋಗಿ. ಅಲ್ಲಿ ಮೊದಲ ಶತ್ರು 'ಆಟೋ' ಎಂಬ ಪದ. ಗುಣಕವನ್ನು ಮಾತ್ರ ಏರಿಸಿ ವೋಲ್ಟನ್ನು ಆಟೋದಲ್ಲಿ ಬಿಟ್ಟರೆ ಬೋರ್ಡ್ ತನ್ನ ಮರ್ಯಾದೆ ಉಳಿಸಿಕೊಳ್ಳಲು ಧಾರಾಳವಾಗಿ ಸುರಿಯುತ್ತದೆ. ವೋಲ್ಟನ್ನು ನಿಮ್ಮ ಗೆರೆಯ ಒಳಗೆ ಕೈಯಾರೆ ಇಟ್ಟು, ವೇಗವನ್ನು 100 ಮೆಗಾಹರ್ಟ್ಸ್‌ನಂತೆ ಏರಿಸುತ್ತ ಹೋಗಿ. ಬಿದ್ದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ. ವೇಗಕ್ಕಾಗಿ ವೋಲ್ಟ್ ಏರಿಸಬೇಡಿ. ಇರುವ ವೋಲ್ಟಿಗೆ ಬರುವ ವೇಗ ಎಷ್ಟೋ ಅಷ್ಟು. ಇದೊಂದು ಪಾಲಿಸಿದರೆ ಮೇಲಿನ ಅರ್ಧ ಲೇಖನ ಮರೆತರೂ ನಡೆಯುತ್ತದೆ.

ಎರಡನೆಯ ಶತ್ರು ಲೋಡ್‌ಲೈನ್ ಕ್ಯಾಲಿಬ್ರೇಶನ್. ಭಾರ ಬಿದ್ದಾಗ ವೋಲ್ಟ್ ಸ್ವಲ್ಪ ಕುಸಿಯುವುದು ಸಹಜ, ಬೇಕಾಗಿಯೂ ಇದೆ. ಆ ಕುಸಿತವನ್ನು ಪೂರ್ತಿ ತಡೆದರೆ, ಭಾರ ತಟ್ಟನೆ ಇಳಿದ ಕ್ಷಣದಲ್ಲಿ ವೋಲ್ಟ್ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆ ಎಷ್ಟು ಕ್ಷಣಿಕವೆಂದರೆ ತಂತ್ರಾಂಶಕ್ಕೆ ಕಾಣುವುದಿಲ್ಲ. ಮಧ್ಯದ ಮಟ್ಟ ಆರಿಸಿ. ಅಂಕಿ ನೋಡಿ ಮೋಸಹೋಗಬೇಡಿ: ಏಸಸ್ ಬೋರ್ಡಿನಲ್ಲಿ ಅಂಕಿ ಹೆಚ್ಚಿದಷ್ಟೂ ಬಿಗಿ, ಎಂಎಸ್‌ಐನಲ್ಲಿ ಅಂಕಿ ಕಡಿಮೆಯಾದಷ್ಟೂ ಬಿಗಿ.

ಪರೀಕ್ಷೆಗೆ ಸಿನೆಬೆಂಚ್ ಅರ್ಧ ಗಂಟೆ, ಓಸಿಸಿಟಿ ಎಂಬ ಭಾರದ ಪರೀಕ್ಷೆಯ ತಂತ್ರಾಂಶ ಒಂದು ಗಂಟೆ. ಬೀಳದಿದ್ದರೂ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ವೀಯಾ (WHEA) ಎಂಬ ಹೆಸರಿನ ದೋಷಗಳು ದಾಖಲಾಗಿವೆಯೇ ನೋಡಿ. ಅವು ಬಿರುಕು ಬಿಟ್ಟ ಗೋಡೆಯ ಮೊದಲ ಗೆರೆಗಳು. ತೀರಾ ಏರಿಸಿ ಪರದೆಯೇ ಬಾರದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟರೆ ಬಯೋಸ್ ಹಳೆಯ ಸ್ಥಿತಿಗೆ ಬರುತ್ತದೆ.

ಈಗ ನನ್ನ ಪ್ರೀತಿಯ ದಾರಿ. ರೈಜೆನ್ 5000 ಮತ್ತು ನಂತರದವುಗಳಲ್ಲಿ ಬಯೋಸ್‌ನ ಪಿಬಿಒ ಎಂಬುದರ ಒಳಗೆ ಕರ್ವ್ ಆಪ್ಟಿಮೈಜರ್ ಇದೆ. ಅಲ್ಲಿ ಎಲ್ಲ ಕೋರಿಗೂ ಮೈನಸ್ 10 ಕೊಡಿ. ಒಂದೊಂದು ಅಂಕಿಗೂ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ವೋಲ್ಟ್ ಇಳಿದದ್ದರಿಂದ ಶಾಖ ಇಳಿಯುತ್ತದೆ, ಶಾಖ ಇಳಿದದ್ದರಿಂದ ಚಿಪ್ ತಾನಾಗಿಯೇ ಇನ್ನಷ್ಟು ವೇಗಕ್ಕೆ ಏರುತ್ತದೆ. ಒಂದೆರಡು ವಾರ ಸರಿಯಿದ್ದರೆ ಮೈನಸ್ 15, ಮತ್ತೆ 20. ಇದರಲ್ಲಿ ತಪ್ಪಾದರೆ ಕಂಪ್ಯೂಟರ್ ಹೆಚ್ಚಾಗಿ ಬೀಳುವುದು ಭಾರ ಇದ್ದಾಗಲ್ಲ, ಸುಮ್ಮನೆ ಕೂತಿದ್ದಾಗ. ಹಾಗಾಗಿ ರಾತ್ರಿಯಿಡೀ ಆನ್ ಬಿಟ್ಟು ಬೆಳಿಗ್ಗೆ ನೋಡುವುದೂ ಒಂದು ಪರೀಕ್ಷೆಯೇ. ಇಂಟೆಲ್‌ನಲ್ಲಿ ಇದೇ ಕೆಲಸಕ್ಕೆ ಆಫ್‌ಸೆಟ್ ಎಂಬುದಿದೆ; ಮೈನಸ್ 0.05 ವೋಲ್ಟಿನಿಂದ ಶುರುಮಾಡಿ.

ಗೋಡೆಯ ವೋಲ್ಟು, ಮಳೆಯ ತೇವ

"ಅಣ್ಣಾ, ರಾತ್ರಿ ಹನ್ನೊಂದಕ್ಕೆ ರೆಂಡರ್‌ಗೆ ಹಾಕಿ ಮಲಗ್ತೀನಿ, ಬೆಳಿಗ್ಗೆ ನೋಡಿದ್ರೆ ರೀಸ್ಟಾರ್ಟ್ ಆಗಿರುತ್ತೆ." ಮದುವೆ ವಿಡಿಯೊ ಮಾಡುವ ಪರಿಚಯದ ಸ್ಟುಡಿಯೊದವನ ಗೋಳು ಇದು. ಮದುವೆಗಳ ಕಾಲ ಏಪ್ರಿಲ್, ಮೇ. ಸೆಖೆಯೂ ಆಗಲೇ, ಗುಡುಗು ಮಳೆಯೂ ಆಗಲೇ, ಗಂಟೆಗಟ್ಟಲೆ ಎಲ್ಲ ಕೋರಿಗೂ ಭಾರ ಬೀಳುವುದೂ ಆಗಲೇ. ಅವನೂ ಓವರ್‌ಕ್ಲಾಕ್ ಮಾಡಿದ್ದ. ಅದೇ ಕಾರಣ ಎಂದು ನಾನೂ ನಂಬಿದ್ದೆ. ಹಳೆಯ ವೇಗಕ್ಕೆ ತಂದರೂ ನಿಲ್ಲಲಿಲ್ಲ. ಒಂದು ರಾತ್ರಿ ಮಲ್ಟಿಮೀಟರ್ ಹಿಡಿದು ಕೂತೆವು. ಊರೆಲ್ಲ ಮಲಗಿದ ಮೇಲೆ ಲೈನಿನ ವೋಲ್ಟ್ ಏರಿತು, ಸುತ್ತಲ ತೋಟಗಳ ಮೋಟಾರ್‌ಗಳು ಆನ್ ಆದಾಗ 170ಕ್ಕೆ ಕುಸಿಯಿತು. ನಮ್ಮಲ್ಲಿ ಇರಬೇಕಾದದ್ದು 230, ಹೆಚ್ಚೆಂದರೆ ಶೇಕಡಾ 6 ಅತ್ತಿತ್ತ. ಅವನ ಕಂಪ್ಯೂಟರ್‌ನ ಅಗ್ಗದ ಎಸ್‌ಎಂಪಿಎಸ್ 200ರ ಕೆಳಗೆ ಕೆಲಸ ಮಾಡುವಂಥದ್ದೇ ಅಲ್ಲ.

ಗೋಡೆಯ ವೋಲ್ಟ್ ನೇರವಾಗಿ ಪ್ರೊಸೆಸರ್‌ಗೆ ಹೋಗುವುದಿಲ್ಲ. ಎಸ್‌ಎಂಪಿಎಸ್ ಅದನ್ನು 12 ಮಾಡುತ್ತದೆ, ಬೋರ್ಡಿನ ವಿಆರ್‌ಎಂ 12ನ್ನು ಒಂದೂಕಾಲು ಮಾಡುತ್ತದೆ. ಆದರೆ ಮೊದಲ ಮೆಟ್ಟಿಲು ಅಲುಗಾಡಿದರೆ ಕೊನೆಯದೂ ಅಲುಗಾಡುತ್ತದೆ. 12 ವೋಲ್ಟಿನ ತಂತಿ 11.4ರಿಂದ 12.6ರೊಳಗೆ ಇರಬೇಕು, ಎಚ್‌ಡಬ್ಲ್ಯುಇನ್ಫೋದಲ್ಲಿ ಅದೂ ಕಾಣುತ್ತದೆ. ಓವರ್‌ಕ್ಲಾಕ್ ಮಾಡುವ ದುಡ್ಡಿದ್ದರೆ ಮೊದಲು 100ರಿಂದ 240 ವೋಲ್ಟ್ ಎಂದು ಬರೆದಿರುವ ಎಸ್‌ಎಂಪಿಎಸ್ ಕೊಳ್ಳಿ. ಕರೆಂಟ್ ಹೋದಾಗ ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ, ಅಷ್ಟರಲ್ಲಿ ಯುಪಿಎಸ್ ಕೈಹಿಡಿಯಬೇಕು. ಮನೆಯ ಇನ್ವರ್ಟರ್ ಬಳಸುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿ ಇಡಿ. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಎಂದರೆ ನಿಜದಲ್ಲಿ ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇರುವ, ಓವರ್‌ಕ್ಲಾಕ್ ಆದ ಯಂತ್ರ ಅದನ್ನು ಸುಲಭವಾಗಿ ಮೀರಿಸಿ ಕೆಡವುತ್ತದೆ. ಬಯೋಸ್ ಅಪ್‌ಡೇಟನ್ನು ಮಾತ್ರ ಮಳೆಗಾಳಿಯ ದಿನ ಬೇಡ. ಎಲ್ಲೋ ಒಂದು ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ಅರ್ಧಕ್ಕೆ ನಿಂತ ಅಪ್‌ಡೇಟ್ ಬೋರ್ಡನ್ನೇ ಮಲಗಿಸಬಹುದು. ಸಿಡಿಲಿನ ಸದ್ದು ಕೇಳಿದರೆ ಪ್ಲಗ್ ಜೊತೆಗೆ ಇಂಟರ್‌ನೆಟ್ ತಂತಿಯನ್ನೂ ಕೀಳಿ.

ಇನ್ನು ತೇವ. ಜುಲೈನಲ್ಲಿ ಹಾಸಿಗೆ, ಚಪ್ಪಲಿ, ಪುಸ್ತಕಗಳಿಗೆ ಬೂಷ್ಟು ಹಿಡಿಯುವ ಊರು ನಮ್ಮದು. ಕೋಣೆ 22 ಡಿಗ್ರಿ, ತೇವಾಂಶ ಶೇಕಡಾ 90 ಇದ್ದರೆ 20 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕಟ್ಟುತ್ತದೆ. 2022ರಲ್ಲಿ ಮೈನಸ್ 269 ಡಿಗ್ರಿಯ ಆಸುಪಾಸಿನ ದ್ರವ ಹೀಲಿಯಂ ಸುರಿದು 13900ಕೆ ಚಿಪ್ಪನ್ನು 9 ಗಿಗಾಹರ್ಟ್ಸ್ ದಾಟಿಸಿದ್ದನ್ನು ನೋಡಿ ಯಾರಾದರೂ ಐಸ್ ಬಕೆಟ್ ಪ್ರಯೋಗಕ್ಕೆ ಇಳಿಯುವುದಾದರೆ ಸಕಲೇಶಪುರದ ಮಳೆಗಾಲ ಅದಕ್ಕೆ ಭೂಮಿಯ ಮೇಲಿನ ಅತಿ ಕೆಟ್ಟ ಜಾಗಗಳಲ್ಲಿ ಒಂದು. ಸಾಮಾನ್ಯ ಫ್ಯಾನ್ ಕೂಲರ್, ನೀರಿನ ಕೂಲರ್ ಎರಡೂ ಕೋಣೆಗಿಂತ ತಣ್ಣಗಾಗುವುದಿಲ್ಲ, ಅವುಗಳಿಂದ ಈ ಭಯ ಇಲ್ಲ. ಮಳೆಗಾಲದಲ್ಲಿ ಕಂಪ್ಯೂಟರನ್ನು ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ಒಳಗಿನ ತೇವ ಆರುತ್ತದೆ. ಕೊಯ್ಲಿನ ಕಾಲದಲ್ಲಿ ಕಣದ ಧೂಳು, ವರ್ಷವಿಡೀ ಬಚ್ಚಲ ಒಲೆಯ ಹೊಗೆ, ಇವೆರಡೂ ಸೇರಿ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಮೂರು ತಿಂಗಳಿಗೊಮ್ಮೆ ಬ್ಲೋವರ್‌ನಿಂದ ಊದಿಸಿ, ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಒಮ್ಮೆ ಸುಮ್ಮನೆ 12 ಡಿಗ್ರಿ ಹೆಚ್ಚು ಬಿಸಿಯಾಗುತ್ತಿದ್ದ ಯಂತ್ರ ಬಿಚ್ಚಿ ನೋಡಿದರೆ ಫ್ಯಾನಿನ ಅಡಿಯಲ್ಲಿ ಹಲ್ಲಿಯೊಂದು ಒಣಗಿ ಕೂತಿತ್ತು.

ಸ್ಟುಡಿಯೊದವನ ಕಂಪ್ಯೂಟರ್ ಈಗ ಹೊಸ ಎಸ್‌ಎಂಪಿಎಸ್ ಜೊತೆ ಕಂಪನಿ ಕೊಟ್ಟ ವೇಗದಲ್ಲೇ ಓಡುತ್ತಿದೆ. ರೆಂಡರ್ ಹತ್ತಿಪ್ಪತ್ತು ನಿಮಿಷ ತಡವಾಗಿ ಮುಗಿಯುತ್ತದೆ, ಆದರೆ ಮುಗಿಯುತ್ತದೆ. ಅಕ್ಕನ ಮಗ ಹೊಸ ಚಿಪ್ ಕೊಂಡು ಕರ್ವ್ ಆಪ್ಟಿಮೈಜರ್ ಮೈನಸ್ 15ರಲ್ಲಿ ಇಟ್ಟಿದ್ದಾನೆ. ಕ್ಯಾಬಿನೆಟ್ಟಿನ ತಗಡಿನ ಒಳಮೈಗೆ ಒಂದು ಚೀಟಿ ಅಂಟಿಸಿದ್ದಾನೆ: ದಿನಾಂಕ, ಕೋಣೆಯ ತಾಪ, ಚಿಪ್ಪಿನ ತಾಪ, ವಿಕೋರ್, ವೇಗ. ಡಿಸೆಂಬರ್‌ನದೊಂದು ಸಾಲು, ಏಪ್ರಿಲ್‌ನದೊಂದು ಸಾಲು. ನೀವೂ ಅಂಥದೊಂದು ಚೀಟಿ ಅಂಟಿಸಿ. ಏಪ್ರಿಲ್‌ನ ಸಾಲು ಬರೆಯುವವರೆಗೆ ಬಯೋಸ್‌ನಲ್ಲಿ ಏನನ್ನೂ ಏರಿಸಬೇಡಿ.